ನಿಮ್ಮೂರಿನ ಲೆಕ್ಕವನ್ನು ವಿಧಾನಸಭೆಯಲ್ಲಿ ಕೇಳಿಸುವುದು ಹೇಗೆ?

ತಡೆಗೋಡೆ ಕಟ್ಟಿ ಎರಡು ಮಳೆಗಾಲ ಕಳೆದಿಲ್ಲ, ಬರೆ (ರಸ್ತೆ ಪಕ್ಕದ ಮಣ್ಣಿನ ದಿಬ್ಬ) ಮತ್ತೆ ರಸ್ತೆಗೆ ಬಂದಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಬೋರ್ಡಿನಲ್ಲಿ ಡಾಕ್ಟರ ಹೆಸರಿದೆ, ಕುರ್ಚಿ ಖಾಲಿ. ಸೋಲಾರ್ ಬೇಲಿ ಹಾಕಿದ್ದಾರೆ, ಆನೆ ಅದರ ಪಕ್ಕದಲ್ಲೇ ತೋಟಕ್ಕೆ ಇಳಿಯುತ್ತದೆ. ಕೊಡಗಿನ ಯಾವ ಊರಿಗೆ ಹೋದರೂ ಇಂಥ ಮಾತು ಕಿವಿಗೆ ಬೀಳುತ್ತದೆ. ಜನ ಅರ್ಜಿ ಕೊಟ್ಟಿರುತ್ತಾರೆ, ರಸ್ತೆ ತಡೆ ಮಾಡಿರುತ್ತಾರೆ, ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಹಂಚಿರುತ್ತಾರೆ. ಇಷ್ಟಾದರೂ ಒಂದು ದಾರಿ ಹಾಗೇ ಉಳಿದಿರುತ್ತದೆ. ಈ ಕೆಲಸಕ್ಕೆ ಎಷ್ಟು ದುಡ್ಡು ಬಂತು, ಎಷ್ಟು ಖರ್ಚಾಯಿತು, ಯಾವಾಗ ಮುಗಿಯುತ್ತದೆ ಎಂದು ಮಂತ್ರಿಯಿಂದ ಬರಹದಲ್ಲಿ ಉತ್ತರ ಪಡೆಯುವ ದಾರಿ ಅದು. ಶಾಸಕರು ಸದನದಲ್ಲಿ ಕೇಳುವ ಪ್ರಶ್ನೆ.

ಕೇಳುವ ಹಕ್ಕು ಶಾಸಕರದು, ನಿಜ. ಆದರೆ ಪ್ರಶ್ನೆಯನ್ನು ಹೊಂದಿಸಿ ಕೊಡುವ ಕೆಲಸವನ್ನು ಯಾರು ಬೇಕಾದರೂ ಮಾಡಬಹುದು. ಗ್ರಾಮಸ್ಥರ ಸಮಿತಿ, ಸ್ತ್ರೀಶಕ್ತಿ ಸಂಘ, ಬೆಳೆಗಾರರ ಗುಂಪು, ಅಥವಾ ಶಾಲೆಯ ಉಸ್ತುವಾರಿ ಸಮಿತಿ (ಎಸ್‌ಡಿಎಂಸಿ).

ನಮ್ಮ ಜಿಲ್ಲೆಗೆ ಇದು ಬೇರೆಡೆಗಿಂತ ಜಾಸ್ತಿ ಮುಖ್ಯ ಎಂದು ನನಗೆ ಅನಿಸುತ್ತದೆ. 1956ರವರೆಗೆ ಕೊಡಗು ತಾನೇ ಒಂದು ರಾಜ್ಯವಾಗಿತ್ತು. 1952ರಿಂದ ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾಗಿದ್ದರು, ವಿಧಾನಸಭೆಯಲ್ಲಿ 24 ಸ್ಥಾನಗಳಿದ್ದವು. ಆಮೇಲೆ ಮೈಸೂರು ರಾಜ್ಯಕ್ಕೆ ಸೇರಿದೆವು. 2008ರ ಕ್ಷೇತ್ರ ಮರುವಿಂಗಡಣೆಗೆ ಮೊದಲು ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಎಂದು ಮೂರು ಕ್ಷೇತ್ರಗಳಿದ್ದವು. ಈಗ ಮಡಿಕೇರಿ, ವಿರಾಜಪೇಟೆ ಎರಡೇ. 224 ಮಂದಿಯ ಸಭೆಯಲ್ಲಿ ಇಬ್ಬರು. ಸಾಲದ್ದಕ್ಕೆ, 2021ರಲ್ಲಿ ಅವಧಿ ಮುಗಿದ ಮೇಲೆ ಜಿಲ್ಲಾ ಪಂಚಾಯಿತಿ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಊರಿನ ರಸ್ತೆ ಬಗ್ಗೆ ಇಂಜಿನಿಯರನ್ನು ನಿಲ್ಲಿಸಿ ಕೇಳುತ್ತಿದ್ದ ಸದಸ್ಯರೂ ಇಲ್ಲವಾದರು. ಹಾಗಾಗಿ ಆ ಇಬ್ಬರ ಕೈಗೆ ಒಳ್ಳೆಯ ಪ್ರಶ್ನೆ ಸಿಗಬೇಕು.

ಮೊದಲು, ಯಾರನ್ನು ಕೇಳಬೇಕು?

ಇಲ್ಲಿ ಎಡವಿದರೆ ಉಳಿದದ್ದೆಲ್ಲ ವ್ಯರ್ಥ. ಕುಶಾಲನಗರದಿಂದ ಮಡಿಕೇರಿ ಮೇಲೆ ಸಂಪಾಜೆಗೆ ಇಳಿಯುವ ರಸ್ತೆ ರಾಷ್ಟ್ರೀಯ ಹೆದ್ದಾರಿ 275. ಅದರ ದುಡ್ಡು ಕೇಂದ್ರದ್ದು. ಕಾಫಿ ಮಂಡಳಿ ಕೇಂದ್ರ ವಾಣಿಜ್ಯ ಸಚಿವಾಲಯದ ಕೆಳಗೆ ಬರುತ್ತದೆ. ಈ ಎರಡಕ್ಕೂ ಹೋಗಬೇಕಾದ್ದು ಸಂಸದರ ಹತ್ತಿರ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯರಸ್ತೆ ಲೋಕೋಪಯೋಗಿ ಇಲಾಖೆಯವು. ಊರೊಳಗಿನ ರಸ್ತೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯದು. ನಿಮ್ಮ ರಸ್ತೆ ಯಾವ ಪಟ್ಟಿಯಲ್ಲಿದೆ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹೇಳುತ್ತಾರೆ.

ಆಸ್ಪತ್ರೆ ವಿಷಯದಲ್ಲಂತೂ ತುಂಬಾ ಜನ ದಾರಿ ತಪ್ಪುತ್ತಾರೆ. ಮಡಿಕೇರಿಯ ಜಿಲ್ಲಾ ಆಸ್ಪತ್ರೆ ಈಗ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಗೆ ಸೇರಿದೆ. ಅಂದರೆ ಉತ್ತರ ಕೊಡಬೇಕಾದವರು ವೈದ್ಯಕೀಯ ಶಿಕ್ಷಣ ಸಚಿವರು. ತಾಲ್ಲೂಕು ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ, 108 ಆಂಬುಲೆನ್ಸ್ ಇವೆಲ್ಲ ಆರೋಗ್ಯ ಸಚಿವರ ಪಾಲು. ಎರಡನ್ನೂ ಒಂದೇ ಪ್ರಶ್ನೆಗೆ ತುರುಕಿದರೆ ‘ನಮಗೆ ಸಂಬಂಧಿಸಿದ್ದಲ್ಲ’ ಎಂದು ಕಡತ ಅತ್ತಿಂದಿತ್ತ ಓಡಾಡುತ್ತದೆ. ಗಂಭೀರ ಕಾಯಿಲೆ ಬಂದರೆ ಇಂದಿಗೂ ಮೈಸೂರು, ಮಂಗಳೂರಿಗೆ ಓಡುವ ಜಿಲ್ಲೆ ನಮ್ಮದು. ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು ಎಂದು 2019ರಲ್ಲಿ ಸಾಮಾಜಿಕ ಜಾಲತಾಣದಲ್ಲಿ ಇಡೀ ಕೊಡಗೇ ದನಿ ಎತ್ತಿತ್ತು. ಅಷ್ಟು ದೊಡ್ಡ ದನಿ ಸರಿಯಾದ ಇಲಾಖೆಯ ಬಾಗಿಲಿಗೇ ಹೋಗಬೇಕು ಅಲ್ವಾ?

ನಿಮ್ಮ ಶಾಸಕರು ಮಂತ್ರಿಯಾಗಿದ್ದರೆ ಅವರು ಪ್ರಶ್ನೆ ಕೇಳುವಂತಿಲ್ಲ. ಆಗಲೂ ಕೈಚೆಲ್ಲಬೇಕಿಲ್ಲ. ವಿಧಾನ ಪರಿಷತ್ತಿನ ನೈರುತ್ಯ ಪದವೀಧರ ಕ್ಷೇತ್ರ, ನೈರುತ್ಯ ಶಿಕ್ಷಕರ ಕ್ಷೇತ್ರ ಎರಡಕ್ಕೂ ಕೊಡಗು ಸೇರುತ್ತದೆ. ಸ್ಥಳೀಯ ಸಂಸ್ಥೆಗಳಿಂದ ಆರಿಸಿ ಹೋದ ವಿಧಾನ ಪರಿಷತ್ ಸದಸ್ಯರೂ ಇದ್ದಾರೆ. ಮೇಲ್ಮನೆಯಲ್ಲಿ ಕೇಳಿದ ಪ್ರಶ್ನೆಗೂ ಮಂತ್ರಿ ಉತ್ತರಿಸಲೇಬೇಕು. ಈ ಸದಸ್ಯರ ಬಾಗಿಲಿಗೆ ಊರಿನವರು ಹೋಗುವುದೇ ಅಪರೂಪ. ಹೋಗಿ ನೋಡಿ.

ಆಮೇಲೆ, ದಾಖಲೆ

ಸುಮ್ನೆ ‘ನಮ್ಮೂರಿಗೆ ಏನೂ ಆಗಿಲ್ಲ ಸಾರ್’ ಎಂದರೆ ಪ್ರಶ್ನೆ ಆಗುವುದಿಲ್ಲ. ಕಾಮಗಾರಿಯ ಹೆಸರು, ಜಾಗ, ಯಾವ ವರ್ಷದ ಅನುದಾನ, ಈಗಿನ ಸ್ಥಿತಿ ಬೇಕು. ಕಾಮಗಾರಿ ಫಲಕದ ಫೋಟೊ ತೆಗೆದುಕೊಳ್ಳಿ. ಗ್ರಾಮಸಭೆ ನಡಾವಳಿಯ ಪ್ರತಿ ಇಟ್ಟುಕೊಳ್ಳಿ. ಸಮಯವಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಅಂದಾಜು ಪಟ್ಟಿ ಕೇಳಿ, 30 ದಿನದಲ್ಲಿ ಉತ್ತರ ಕೊಡಬೇಕು. ಇಲಾಖೆಗಳ ಕೆಲಸದ ಪ್ರಗತಿ ನೋಡುವ ಕೆಡಿಪಿ ಸಭೆಯಲ್ಲಿ ಅಧಿಕಾರಿಗಳು ಮಂಡಿಸಿದ ಪ್ರಗತಿ ವರದಿ ಸಿಕ್ಕರೆ ಇನ್ನೂ ಒಳ್ಳೆಯದು. ಅಲ್ಲಿ ಹೇಳಿದ ಸಂಖ್ಯೆ, ಸದನದಲ್ಲಿ ಬಂದ ಸಂಖ್ಯೆ ಎರಡೂ ತಾಳೆ ಆಗದಿದ್ದರೆ ಅದೇ ಮುಂದಿನ ಪ್ರಶ್ನೆ.

ಪ್ರಶ್ನೆ ಬರೆಯುವುದು

ಇದು ನಿಜವಾದ ಕೆಲಸ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ವಿಧಾನಸಭೆಯ ಹಳೆಯ ಪ್ರಶ್ನೋತ್ತರದ ಯಾವುದೇ ಹಾಳೆ ತೆಗೆಯಿರಿ. ಮೇಲೆ ಸದಸ್ಯರ ಹೆಸರು, ಉತ್ತರಿಸುವ ಸಚಿವರು, ಉತ್ತರಿಸಬೇಕಾದ ದಿನಾಂಕ. ಕೆಳಗೆ ಎರಡು ಕಾಲಂ. ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಪ್ರಶ್ನೆಯನ್ನು (ಅ), (ಆ), (ಇ) ಎಂದು ಬಿಡಿಸಿರುತ್ತಾರೆ. ಬಹಳಷ್ಟು ಪ್ರಶ್ನೆಗಳು ‘...ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದೇ ಶುರುವಾಗುತ್ತವೆ. ಬಲಕ್ಕೆ ನೋಡಿದರೆ ‘ಇಲ್ಲ’ ಎಂದಿರುತ್ತದೆ. (ಆ)ದಲ್ಲಿ ‘ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?’ ಎಂದು ಕೇಳಿರುತ್ತಾರೆ. ಅದಕ್ಕೆ ಒಂದೇ ಪದದ ಉತ್ತರ: ‘ಉದ್ಭವಿಸುವುದಿಲ್ಲ’. ಮುಗಿಯಿತು. ನಿಮ್ಮ ತಿಂಗಳುಗಳ ಓಡಾಟ ಆ ಒಂದು ಪದದಲ್ಲಿ ಮುಚ್ಚಿಹೋಯಿತು.

ಆದ್ದರಿಂದ ‘ಗಮನಕ್ಕೆ ಬಂದಿದೆಯೇ’ ಎಂದು ಶುರು ಮಾಡಲೇಬೇಡಿ. ನೇರವಾಗಿ ಸಂಖ್ಯೆ ಕೇಳಿ. ಒಂದು ಭಾಗದ ಉತ್ತರ ಇನ್ನೊಂದರ ಮೇಲೆ ನಿಲ್ಲದಂತೆ ಬರೆಯಿರಿ.

ತಡೆಗೋಡೆ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 2018ರ ಆಗಸ್ಟ್‌ನ ಭೂಕುಸಿತದ ನಂತರ ಜಿಲ್ಲೆಯಲ್ಲಿ ಬೆಟ್ಟ ಕಡಿದು ಮಾಡಿದ ರಸ್ತೆಗಳ ಪಕ್ಕ ಎಷ್ಟೋ ಗೋಡೆಗಳು ಎದ್ದಿವೆ. ಪ್ರಶ್ನೆ ಹೀಗಿರಲಿ:

(ಅ) 2018-19ನೇ ಸಾಲಿನಿಂದ ಈವರೆಗೆ ಮಡಿಕೇರಿ ತಾಲ್ಲೂಕಿನಲ್ಲಿ ಲೋಕೋಪಯೋಗಿ ಇಲಾಖೆ ವತಿಯಿಂದ ನಿರ್ಮಿಸಿದ ರಸ್ತೆ ಬದಿಯ ತಡೆಗೋಡೆಗಳೆಷ್ಟು? (ಸ್ಥಳ, ಉದ್ದ ಹಾಗೂ ಅಂದಾಜು ಮೊತ್ತದ ವಿವರ ನೀಡುವುದು)

(ಆ) ಪ್ರತಿ ಕಾಮಗಾರಿಗೆ ಹಂಚಿಕೆಯಾದ, ಬಿಡುಗಡೆಯಾದ ಹಾಗೂ ಖರ್ಚಾದ ಮೊತ್ತವೆಷ್ಟು? (ವರ್ಷವಾರು, ಲೆಕ್ಕ ಶೀರ್ಷಿಕೆವಾರು ವಿವರ ನೀಡುವುದು)

(ಇ) ಇವುಗಳಲ್ಲಿ ಪೂರ್ಣಗೊಂಡ ನಂತರ ಕುಸಿದಿರುವವು ಯಾವುವು? ಗುತ್ತಿಗೆದಾರರೇ ದುರಸ್ತಿ ಮಾಡಿಕೊಡಬೇಕಾದ ಅವಧಿಯೊಳಗೆ ಕುಸಿದಿರುವವು ಎಷ್ಟು? ದುರಸ್ತಿಗೆ ಹಣ ಭರಿಸಿದವರು ಯಾರು?

(ಈ) ಬಾಕಿ ಕಾಮಗಾರಿಗಳನ್ನು ಯಾವ ದಿನಾಂಕದೊಳಗೆ ಪೂರ್ಣಗೊಳಿಸಲಾಗುವುದು?

(ಆ)ದಲ್ಲಿ ಮೂರು ಮಾತು ಬೇರೆಬೇರೆಯಾಗಿ ಕೇಳಿದ್ದೇವೆ, ಗಮನಿಸಿ. ಹಂಚಿಕೆ ಎಂದರೆ ಇಷ್ಟು ಕೊಡುತ್ತೇವೆ ಎಂದು ಗೊತ್ತು ಮಾಡಿದ್ದು. ಬಿಡುಗಡೆ ಎಂದರೆ ನಿಜವಾಗಿ ಕಳಿಸಿದ್ದು. ಖರ್ಚು ಎಂದರೆ ಬಿಲ್ ಆದದ್ದು. ವೇದಿಕೆ ಮೇಲೆ ಹೇಳುವುದು ಸಾಮಾನ್ಯವಾಗಿ ಮೊದಲನೆಯದನ್ನು. ಊರಿಗೆ ಮುಟ್ಟುವುದು ಮೂರನೆಯದು. ಎರಡರ ನಡುವಿನ ಅಂತರವೇ ನಮಗೆ ಬೇಕಾದ ಉತ್ತರ. ಲೆಕ್ಕ ಶೀರ್ಷಿಕೆ ಎಂದರೆ ಸರ್ಕಾರದ ಲೆಕ್ಕದಲ್ಲಿ ಒಂದೊಂದು ಬಗೆಯ ಖರ್ಚಿಗೆ ಇರುವ ಅಂಕಿ. ಅದನ್ನು ಕೇಳುವುದಕ್ಕೂ ಕಾರಣವಿದೆ. 3054 ಎಂದರೆ ರಸ್ತೆ, ಸೇತುವೆ ನಿರ್ವಹಣೆಯ ಖರ್ಚು. 5054 ಎಂದರೆ ಹೊಸದಾಗಿ ಕಟ್ಟಿದ ಬಂಡವಾಳ ವೆಚ್ಚ. 2245 ಪ್ರಕೃತಿ ವಿಕೋಪ ಪರಿಹಾರದ್ದು. ವಿಕೋಪದ ದುಡ್ಡಲ್ಲಿ ಆದ ಕೆಲಸ ಯಾವುದು, ಮಾಮೂಲಿ ದುರಸ್ತಿ ಯಾವುದು ಎಂದು ಈ ಅಂಕಿಯಿಂದಲೇ ಗೊತ್ತಾಗುತ್ತದೆ.

ಆಸ್ಪತ್ರೆಗೂ ಇಂಥದೇ ಒಂದು ಕೀಲಿ ಇದೆ. ‘ವೈದ್ಯರ ಕೊರತೆ ಇದೆಯೇ?’ ಎಂದು ಕೇಳಬೇಡಿ. ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ಖಾಲಿ ಎಷ್ಟು ಎಂದು ಕೇಂದ್ರವಾರು ಕೇಳಿ. ಜೊತೆಗೆ ಭರ್ತಿಯಾದವರಲ್ಲಿ ನಿಯೋಜನೆ ಮೇಲೆ ಬೇರೆಡೆ ಕೆಲಸ ಮಾಡುತ್ತಿರುವವರು ಎಷ್ಟು, ಎಂದಿನಿಂದ ಎಂದು ಸೇರಿಸಿ. ಕಾಗದದಲ್ಲಿ ತುಂಬಿದ ಹುದ್ದೆ, ಊರಲ್ಲಿ ಮಾತ್ರ ಖಾಲಿ ಕುರ್ಚಿ. ಇದರ ಗುಟ್ಟು ಆ ಕೊನೆಯ ಸಾಲಿನಲ್ಲಿ ಬಿಚ್ಚಿಕೊಳ್ಳುತ್ತದೆ. ಆನೆ ಹಾವಳಿಗೆ ಅರಣ್ಯ ಇಲಾಖೆಯನ್ನು ಕೇಳುವಾಗ ರೈಲ್ವೆ ಹಳಿ ಬೇಲಿ, ಸೋಲಾರ್ ಬೇಲಿ, ಕಂದಕ ಮೂರನ್ನೂ ಪ್ರತ್ಯೇಕವಾಗಿ ಕಿಲೋಮೀಟರ್ ಲೆಕ್ಕದಲ್ಲಿ ಕೇಳಿ. ನಿರ್ವಹಣೆಗೆ ಪ್ರತಿ ವರ್ಷ ಎಷ್ಟು ಕೊಟ್ಟಿರಿ ಎಂಬುದನ್ನು ಬಿಡಬೇಡಿ. ಬೇಲಿ ಹಾಕಲು ದುಡ್ಡು ಬರುತ್ತದೆ, ಅದರ ಮೇಲೆ ಹಬ್ಬಿದ ಬಳ್ಳಿ ಸವರಲು ಬರುವುದಿಲ್ಲ.

ತೀರಾ ಅಗಲವಾಗಿ ಕೇಳಬೇಡಿ. ‘ರಾಜ್ಯದ ಎಲ್ಲ ರಸ್ತೆಗಳ ವಿವರ’ ಎಂದರೆ ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂದು ಬರುತ್ತದೆ. ಕೋರ್ಟಿನಲ್ಲಿರುವ ವಿಷಯ, ವ್ಯಕ್ತಿಯ ಮೇಲಿನ ಆರೋಪ, ಬರೀ ಅಭಿಪ್ರಾಯ ಇವಕ್ಕೆ ಅವಕಾಶ ಸಿಗುವುದಿಲ್ಲ. ಗುತ್ತಿಗೆದಾರರ ಮೇಲೆ ಎಷ್ಟೇ ಸಿಟ್ಟಿದ್ದರೂ ಬೈಗುಳ ಹಾಕಬೇಡಿ, ದಿನಾಂಕ ಹಾಕಿ.

ಶಾಸಕರ ಕೈಗೆ ಕೊಡುವುದು

ಅಧಿವೇಶನ ಘೋಷಣೆಯಾದ ಮೇಲೆ ಓಡಿದರೆ ತಡವಾಗುತ್ತದೆ. ಪ್ರಶ್ನೆಗಳನ್ನು ಮುಂಚಿತವಾಗಿ ವಿಧಾನಸಭೆ ಸಚಿವಾಲಯಕ್ಕೆ ಕೊಡಬೇಕು. ಒಂದು ತಿಂಗಳು ಮೊದಲೇ ಹೋಗುವುದು ಒಳ್ಳೆಯದು. ಶಾಸಕರ ಜೊತೆ ಆಪ್ತ ಸಹಾಯಕರಿಗೂ ಒಂದು ಪ್ರತಿ ಕೊಡಿ. ಪ್ರಶ್ನೆ ಟೈಪ್ ಮಾಡಿಸಿ ಸಹಿ ಹಾಕಿಸಿ ಕಳಿಸುವುದು ಬಹುತೇಕ ಅವರೇ. ಎರಡು ಹಾಳೆಗಿಂತ ಜಾಸ್ತಿ ಬೇಡ.

ಪ್ರಶ್ನೆಯಲ್ಲಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕು, ಶಾಸಕರು ಅದರ ಮೇಲೆ ಪೂರಕ ಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ಟಿವಿಯಲ್ಲಿ ಬರುವುದು ಮೊದಲನೆಯದು. ನನ್ನ ಪ್ರಕಾರ ಊರಿನ ಲೆಕ್ಕಕ್ಕೆ ಎರಡನೆಯದೇ ಜಾಸ್ತಿ ಉಪಯೋಗ. ಆಡಳಿತ ಪಕ್ಷದ ಶಾಸಕರಿಗೆ ತಮ್ಮದೇ ಮಂತ್ರಿಯನ್ನು ಎಲ್ಲರೆದುರು ಪ್ರಶ್ನಿಸಲು ಹಿಂಜರಿಕೆ ಇರುತ್ತದೆ, ಅದು ಸಹಜ. ಲಿಖಿತ ಪ್ರಶ್ನೆಗೆ ಆ ಮುಜುಗರ ಇಲ್ಲ. ಚುಕ್ಕೆ ಗುರುತಿನದೇ ಬೇಕೆಂದರೆ ಎರಡು ಪೂರಕ ಪ್ರಶ್ನೆಗಳನ್ನೂ ಚೀಟಿಯಲ್ಲಿ ಬರೆದು ಕೊಡಿ. ಮಂತ್ರಿ ‘ಉತ್ತರವನ್ನು ಒದಗಿಸಲಾಗಿದೆ’ ಎಂದು ಕುಳಿತಾಗ ಶಾಸಕರ ಕೈಯಲ್ಲಿ ಮುಂದಿನ ಮಾತು ಸಿದ್ಧವಿರಬೇಕು.

ಮಳೆಗಾಲದ ನಡುವೆ ಬರೆ ಕುಸಿದು ಊರಿನ ಸಂಪರ್ಕವೇ ಕಡಿದರೆ ಪ್ರಶ್ನೆಗೆ ಕಾಯಲಾಗದು. ಅದಕ್ಕೆ ನಿಯಮ 73ರ ಗಮನ ಸೆಳೆಯುವ ಸೂಚನೆ ಇದೆ, ತುರ್ತು ವಿಷಯ ಎತ್ತುವ ಶೂನ್ಯ ವೇಳೆ ಇದೆ.

ಕೊಟ್ಟ ಪ್ರಶ್ನೆ ವಿಧಾನಸಭೆ ಸಚಿವಾಲಯದಿಂದ ಇಲಾಖೆಯ ಕಾರ್ಯದರ್ಶಿಗೆ, ಜಿಲ್ಲೆಗೆ, ಕೊನೆಗೆ ನಿಮ್ಮ ತಾಲ್ಲೂಕಿನ ಇಂಜಿನಿಯರ್ ಮೇಜಿಗೆ ಬರುತ್ತದೆ. ಕಚೇರಿಯವರು ಇದನ್ನು ‘ಎಲ್‌ಎಕ್ಯೂ’ (ವಿಧಾನಸಭೆ ಪ್ರಶ್ನೆ ಎಂಬುದರ ಇಂಗ್ಲಿಷ್ ಕಿರುರೂಪ) ಎನ್ನುತ್ತಾರೆ. ಅದಕ್ಕೆ ಗಡುವು ಇರುತ್ತದೆ, ಸಹಿ ಹಾಕಿ ಸಂಖ್ಯೆ ಕಳಿಸಬೇಕು. ಸದನಕ್ಕೆ ತಪ್ಪು ಮಾಹಿತಿ ಹೋದರೆ ಹಕ್ಕುಚ್ಯುತಿಯ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದ ಮಾತು ಬರುತ್ತದೆ. ಹಾಗಾಗಿ ಊರಿನವರ ಅರ್ಜಿಗೆ ಸಿಗದ ಗಮನ ಇದಕ್ಕೆ ಸಿಗುತ್ತದೆ.

ಉತ್ತರ ಬಂದ ಮೇಲೆ

ಉತ್ತರಗಳು ವಿಧಾನಸಭೆಯ ಜಾಲತಾಣದಲ್ಲಿ ಸಿಗುತ್ತವೆ. ಸಿಗದಿದ್ದರೆ ಶಾಸಕರ ಕಚೇರಿಯಲ್ಲಿ ಕೇಳಿ. ಮುಖ್ಯವಾದದ್ದು ಉತ್ತರದ ಹಿಂದೆ ಲಗತ್ತಿಸಿದ ಅನುಬಂಧ. ಕಾಮಗಾರಿವಾರು ಪಟ್ಟಿ ಅಲ್ಲೇ ಇರುತ್ತದೆ. ಅದನ್ನು ಪ್ರಿಂಟ್ ತೆಗೆದು ಜಾಗಕ್ಕೆ ಹೋಗಿ, ಟೇಪ್ ಹಿಡಿದು ಗೋಡೆಯ ಉದ್ದ ಅಳೆಯಿರಿ. ಪಟ್ಟಿಯಲ್ಲಿ ‘ಪೂರ್ಣಗೊಂಡಿದೆ’ ಎಂದಿರುವ ಕೆಲಸ ಅಲ್ಲಿ ಇದೆಯೇ ನೋಡಿ. ಮುಂದಿನ ಗ್ರಾಮಸಭೆಯಲ್ಲಿ ಆ ಹಾಳೆಯನ್ನು ಓದಿ ಹೇಳಿ, ನಡಾವಳಿಯಲ್ಲಿ ಬರೆಸಿ.

‘ಪರಿಶೀಲನೆಯಲ್ಲಿದೆ’, ‘ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ಕೈಗೊಳ್ಳಲಾಗುವುದು’ ಎಂದು ಬಂದರೆ ಮುಂದಿನ ಅಧಿವೇಶನಕ್ಕೆ ಅದೇ ಸಾಲನ್ನು ದಿನಾಂಕ ಸಮೇತ ಹಿಡಿದು ಕೇಳಿಸಿ: ಪರಿಶೀಲನೆ ಎಲ್ಲಿಗೆ ಬಂತು? ಮಂತ್ರಿ ಸದನದಲ್ಲೇ ‘ಮಾಡಿಸುತ್ತೇವೆ’ ಎಂದು ಮಾತು ಕೊಟ್ಟಿದ್ದರೆ ಅದನ್ನು ಭರವಸೆಗಳ ಸಮಿತಿ ನೋಡುತ್ತದೆ. ಆ ಸಮಿತಿಗೆ ಬರೆಯುವಂತೆ ಶಾಸಕರನ್ನು ಕೇಳಿಕೊಳ್ಳಿ. ಊರಿನವರೇ ಸಹಿ ಹಾಕಿ ಸದನಕ್ಕೆ ಮನವಿ ಸಲ್ಲಿಸಬೇಕಿದ್ದರೆ ಅರ್ಜಿಗಳ ಸಮಿತಿ ಇದೆ, ಅದಕ್ಕೂ ಶಾಸಕರ ಮೂಲಕ ಹೋಗಬೇಕು.

ಎರಡು ಅಧಿವೇಶನಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಇರುವಂತಿಲ್ಲ. ಸಾಮಾನ್ಯವಾಗಿ ವರ್ಷದ ಮೊದಲ ತಿಂಗಳುಗಳಲ್ಲಿ ಬಜೆಟ್ ಅಧಿವೇಶನ, ಮಳೆಗಾಲದಲ್ಲಿ ಒಂದು, ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಒಂದು. ಡಿಸೆಂಬರ್‌ನಲ್ಲಿ ಕೇಳಿಸುವ ಪ್ರಶ್ನೆಯ ದಾಖಲೆಯನ್ನು ಕಾಫಿ ಕೊಯ್ಲು ಶುರುವಾಗುವ ಮುಂಚೆ, ಅಕ್ಟೋಬರ್‌ನಲ್ಲೇ ಜೋಡಿಸಿಕೊಳ್ಳಿ. ಕೊಯ್ಲು ಹಿಡಿದರೆ ಊರಲ್ಲಿ ಯಾರಿಗೂ ಸಭೆ ಸೇರಲು ಪುರಸೊತ್ತು ಇರುವುದಿಲ್ಲ. ಮಳೆ ನಿಂತ ಹೊಸತರಲ್ಲಿ ಕುಸಿದ ಜಾಗದ ಫೋಟೊ ತೆಗೆಯಲೂ ಅದೇ ಸರಿಯಾದ ಸಮಯ.