ಎರಡು ಪುಟದ ವೆಬ್‌ಸೈಟ್ ಮಾಡುವುದು ಹೀಗೆ

ನಮ್ಮ ತಾಳಮದ್ದಲೆ ಕೂಟದ ವೆಬ್‌ಸೈಟಿನಲ್ಲಿ ಎರಡೇ ಪುಟ. ಮುಖಪುಟ, ಆಮೇಲೆ ಈ ವರ್ಷದ ಪ್ರಸಂಗಗಳ ಪಟ್ಟಿ. ಕಲಿಯಲು ಅಷ್ಟು ಸಾಕು.

ಎರಡೂ ಫೈಲ್ ಒಂದೇ ಫೋಲ್ಡರಿನಲ್ಲಿರಲಿ. ಮುಖಪುಟಕ್ಕೆ ‘ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್’ (index.html) ಅಂತಲೇ ಹೆಸರಿಡಿ. ಸರ್ವರ್, ಅಂದರೆ ಪುಟಗಳನ್ನು ಓದುಗರಿಗೆ ಕಳಿಸುವ ಕಂಪ್ಯೂಟರ್, ಮೊದಲು ಹುಡುಕುವುದು ಅದನ್ನೇ. ಮುಖಪುಟದಲ್ಲಿ ‘ಈ ವರ್ಷದ ಪ್ರಸಂಗಗಳು’ ಎಂಬ ಮಾತನ್ನು ಲಿಂಕ್ ಮಾಡುವ ಗುರುತಾದ ‘ಎ’ ಟ್ಯಾಗಿನೊಳಗೆ ಹಾಕಿ, ಆ ಟ್ಯಾಗಿನಲ್ಲಿ ವಿಳಾಸ ಕೊಡುವ ಜಾಗವಾದ ‘ಎಚ್‌ರೆಫ್’ನಲ್ಲಿ (href) ಎರಡನೇ ಫೈಲಿನ ಹೆಸರು ಬರೆಯಿರಿ. ಬರೀ ಹೆಸರು ಸಾಕು. ‘ಸಿ ಡ್ರೈವ್’ನಿಂದ ಶುರುವಾಗುವ ವಿಳಾಸ ಕೊಟ್ಟರೆ ಬೇರೆಯವರಿಗೆ ಪುಟ ತೆರೆಯುವುದಿಲ್ಲ.

ದಯವಿಟ್ಟು ಲಿಂಕಿಗೆ ಸುಮ್ನೆ ‘ಇಲ್ಲಿ ಒತ್ತಿ’ ಅಂತ ಬರೆಯಬೇಡಿ. ನಮ್ಮ ಹಿರಿಯ ಅರ್ಥಧಾರಿಯೊಬ್ಬರಿಗೆ ಕಣ್ಣು ಕಾಣುವುದಿಲ್ಲ. ಫೋನೇ ಅವರಿಗೆ ಲಿಂಕುಗಳನ್ನು ಓದಿ ಹೇಳುತ್ತದೆ. ಒತ್ತಿದರೆ ಎಲ್ಲಿಗೆ ಹೋಗುತ್ತದೆ ಅಂತ ಅವರಿಗೂ ಗೊತ್ತಾಗಬೇಕು, ಅಲ್ವಾ?

ಎರಡೂ ಫೈಲಿನ ಮೇಲ್ಭಾಗದ ‘ಹೆಡ್’ ಭಾಗದಲ್ಲಿ ಕ್ಯಾರೆಕ್ಟರ್ ಸೆಟ್ (ಅಕ್ಷರಗಳನ್ನು ಹೇಗೆ ಓದಬೇಕೆಂಬ ಸೂಚನೆ) ಯುಟಿಎಫ್-8 ಅಂತ ಕೊಡಿ. ಇಲ್ಲದಿದ್ದರೆ ಕನ್ನಡ ಅಕ್ಷರ ಕೆಡಬಹುದು.

ಪ್ರಕಟಿಸಲು ಗಿಟ್‌ಹಬ್ ಎಂಬ ತಾಣದ ‘ಪೇಜಸ್’ ಸೇವೆ ಉಚಿತ. ಅಲ್ಲಿ ಪಬ್ಲಿಕ್ ರೆಪೊಸಿಟರಿ (ಎಲ್ಲರೂ ನೋಡಬಹುದಾದ ಫೈಲುಗಳ ಸಂಗ್ರಹ) ಮಾಡಿ, ಫೈಲುಗಳನ್ನು ಅಪ್‌ಲೋಡ್ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಪೇಜಸ್‌ಗೆ ಹೋಗಿ, ಮೇನ್ ಬ್ರಾಂಚ್ (ಫೈಲುಗಳ ಮುಖ್ಯ ಪ್ರತಿ) ಆರಿಸಿ ಸೇವ್ ಕೊಡಿ. ಸ್ವಲ್ಪ ಹೊತ್ತು ಕಾಯಿರಿ. ಅಲ್ಲಿ ಫೈಲಿನ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ. ವಿಂಡೋಸ್‌ನಲ್ಲಿ ತೆರೆದ ಲಿಂಕ್ ಅಲ್ಲಿ 404 (ಪುಟ ಸಿಗಲಿಲ್ಲ) ಅಂತ ತೋರಿಸಿದರೆ ಮೊದಲು ಫೈಲಿನ ಹೆಸರನ್ನೇ ನೋಡಿ.