ಪೂರ್ವಸಿದ್ಧತಾ ಪರೀಕ್ಷೆಯಿಂದ ಬೇಸಿಗೆ ರಜೆಯವರೆಗೆ: ಗಣಿತ ಮೇಷ್ಟ್ರ ಕೆಲಸ

ಮಂಡ್ಯ ಕಡೆಯ ಹಳ್ಳಿ ಹೈಸ್ಕೂಲಿನಲ್ಲಿ ಹತ್ತನೇ ತರಗತಿಗೆ ಗಣಿತ ತೆಗೆದುಕೊಳ್ಳುವವರಿಗೆ ವರ್ಷದ ಕೊನೆಯ ಕೆಲಸ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಗಳ ಕಟ್ಟು ಮೇಜಿಗೆ ಬಂದ ದಿನವೇ ಶುರುವಾಗುತ್ತದೆ. ಅಲ್ಲಿಂದ ಮುಖ್ಯ ಪರೀಕ್ಷೆಗೆ ಉಳಿಯುವುದು ಕೆಲವೇ ವಾರ. ಅದರಲ್ಲಿ ಶಿವರಾತ್ರಿ, ಊರೂರಿನ ಮಾರಿಹಬ್ಬ, ಮೇಲುಕೋಟೆಯ ವೈರಮುಡಿ, ಯುಗಾದಿ, ಅದರ ಮಾರನೇ ದಿನದ ಹೊಸತೊಡಕು ಎಲ್ಲ ಬರುತ್ತವೆ. ಹೊಸತೊಡಕಿನ ದಿನ ಯಾರೂ ವಿಶೇಷ ತರಗತಿಗೆ ಬರುವುದಿಲ್ಲ, ಕರೆಯುವುದೂ ಸರಿಯಲ್ಲ. ಜನವರಿಯಲ್ಲೇ ಮಕ್ಕಳಿಂದ ಅವರವರ ಊರ ಹಬ್ಬದ ದಿನ ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ಆ ದಿನಗಳಿಗೆ ಹೊಸ ವಿಷಯ ಇಡದೆ ಬರೀ ಪುನರಾವರ್ತನೆ ಇಡಬಹುದು.

ನಾನು ಪತ್ರಿಕೆ ತಿದ್ದುವುದು ಮಗುವಿನ ಲೆಕ್ಕದಲ್ಲಲ್ಲ, ಪ್ರಶ್ನೆಯ ಲೆಕ್ಕದಲ್ಲಿ. ಗಣಿತದ ಪತ್ರಿಕೆಗೆ 80 ಅಂಕ, 38 ಪ್ರಶ್ನೆ: ಬಹು ಆಯ್ಕೆಯವು 8, ಒಂದು ಅಂಕದವು 8, ಎರಡು ಅಂಕದವು 8, ಮೂರು ಅಂಕದವು 9, ನಾಲ್ಕು ಅಂಕದವು 4, ಐದು ಅಂಕದ್ದು 1. ಒಂದು ದೊಡ್ಡ ಹಾಳೆಯಲ್ಲಿ ಎಡಕ್ಕೆ ಮಕ್ಕಳ ಹೆಸರು, ಮೇಲೆ 1ರಿಂದ 38 ಬರೆದುಕೊಳ್ಳುತ್ತೇನೆ. ಎಲ್ಲ ಪತ್ರಿಕೆಗಳಲ್ಲೂ ಒಂದೇ ಪ್ರಶ್ನೆ ತಿದ್ದಿ, ಮನೆ ತುಂಬಿ, ಮುಂದಿನ ಪ್ರಶ್ನೆಗೆ ಹೋಗುತ್ತೇನೆ. ಪೂರ್ತಿ ಸರಿ ಇದ್ದರೆ ಟಿಕ್, ಅರ್ಧ ಸರಿ ಇದ್ದರೆ ಅಡ್ಡಗೆರೆ, ಬರೆದು ತಪ್ಪಿದ್ದರೆ ಸೊನ್ನೆ, ಮುಟ್ಟದೇ ಬಿಟ್ಟಿದ್ದರೆ ಖಾಲಿ. ಸೊನ್ನೆಗೂ ಖಾಲಿಗೂ ಕೊಡಬೇಕಾದ ಔಷಧಿ ಬೇರೆ. ಸೊನ್ನೆ ಇದ್ದ ಮಗುವಿಗೆ ಎಲ್ಲಿ ಜಾರಿತು ಅಂತ ತೋರಿಸಿದರೆ ಸಾಕು. ಖಾಲಿ ಬಿಟ್ಟ ಮಗುವಿಗೆ ಮೊದಲ ಸಾಲು ಬರೆಯುವ ಧೈರ್ಯ ಬರಿಸಬೇಕು. ಅಂಕಪಟ್ಟಿ ಮಾತ್ರ ನೋಡಿದರೆ ಇಬ್ಬರೂ 'ಹದಿನೆಂಟು ತೆಗೆದವರು' ಅಷ್ಟೆ. ಹೀಗೆ ತಿದ್ದುವುದಕ್ಕೆ ಸಮಯ ಹೆಚ್ಚು ಹಿಡಿಯುವುದು ನಿಜ, ಆದರೆ ಮುಂದಿನ ಎಲ್ಲ ವಿಶೇಷ ತರಗತಿಗಳ ಪಾಠಯೋಜನೆ ಆ ಒಂದು ಹಾಳೆಯಲ್ಲೇ ಸಿಗುತ್ತದೆ.

ಹಿಂದುಳಿದ ಮಕ್ಕಳ ಗುಂಪಿಗೆ ನಾನು ಮೊದಲು ಕೈಗೆ ಎತ್ತಿಕೊಳ್ಳುವುದು ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳನ್ನು ನಕ್ಷೆಯಿಂದ ಬಿಡಿಸುವ ಲೆಕ್ಕ. ನಾಲ್ಕು ಅಂಕ, ಕೆಲಸ ಯಾವಾಗಲೂ ಒಂದೇ ತರಹ. 2ಎಕ್ಸ್ + ವೈ = 6, 2ಎಕ್ಸ್ − ವೈ = 2 ತೆಗೆದುಕೊಳ್ಳಿ. ಮೊದಲನೆಯದರಲ್ಲಿ ಎಕ್ಸ್‌ಗೆ 0, 1, 2 ಕೊಟ್ಟರೆ ವೈ 6, 4, 2. ಎರಡನೆಯದರಲ್ಲಿ −2, 0, 2. ಎರಡೂ ಪಟ್ಟಿಯಲ್ಲಿ (2, 2) ಬಂತು, ಅದೇ ಉತ್ತರ. ಮಕ್ಕಳು ಎಡವುವುದು ಎರಡನೇ ಸಮೀಕರಣದಲ್ಲಿ. −ವೈ = 2 − 2ಎಕ್ಸ್ ವರೆಗೆ ಸರಿಯಾಗಿ ಬಂದು, ಚಿಹ್ನೆ ತಿರುಗಿಸದೆ ವೈ = 2 − 2ಎಕ್ಸ್ ಅಂತ ಬರೆದುಬಿಡುತ್ತಾರೆ. ಅದಕ್ಕೇ ಮೈನಸ್ ವೈ ಇದ್ದರೆ ವೈಯನ್ನು ಬಲಕ್ಕೆ ಕಳಿಸಿ, 2 ಅನ್ನು ಎಡಕ್ಕೆ ತಂದುಕೊಳ್ಳುವ ಅಭ್ಯಾಸ ಮಾಡಿಸುತ್ತೇನೆ: 2ಎಕ್ಸ್ − 2 = ವೈ. ಚಿಹ್ನೆ ತಿರುಗಿಸುವ ಪ್ರಸಂಗವೇ ಬರುವುದಿಲ್ಲ.

ಗೆರೆ ಎಳೆಯಲು ಎರಡು ಬಿಂದು ಸಾಕು, ಆದರೂ ಮೂರು ಬರೆಸುತ್ತೇನೆ. ಮೂರೂ ಒಂದೇ ಗೆರೆಯ ಮೇಲೆ ಕೂರದಿದ್ದರೆ ಪಟ್ಟಿಯಲ್ಲಿ ತಪ್ಪಿದೆ ಅಂತ ಮಗುವಿಗೆ ತಾನೇ ತಿಳಿಯುತ್ತದೆ. ಇನ್ನೊಂದು ತಪ್ಪು (0, −2) ಅನ್ನು (−2, 0) ಜಾಗದಲ್ಲಿ ಗುರುತಿಸುವುದು. ಬೆರಳನ್ನು ಮೂಲಬಿಂದುವಿನ ಮೇಲಿಟ್ಟು 'ಮೊದಲು ಅಡ್ಡ, ಆಮೇಲೆ ಉದ್ದ' ಅಂತ ಬಾಯಲ್ಲಿ ಹೇಳಿಸುತ್ತಾ ನಡೆಸಿದರೆ ವಾರದಲ್ಲಿ ಸರಿಹೋಗುತ್ತದೆ. ಎರಡೂ ಅಕ್ಷಕ್ಕೆ 1 ಸೆಂ.ಮೀ. = 1 ಮೂಲಮಾನ, ಪ್ರಮಾಣವನ್ನು ಮೂಲೆಯಲ್ಲಿ ಬರೆಯಲೇಬೇಕು, ಗೆರೆ ಬಿಂದುವಿನಾಚೆಗೂ ಹೋಗಬೇಕು. ಮಾದರಿ ಉತ್ತರದಲ್ಲಿ ಅಂಕವನ್ನು ಹಂತಹಂತಕ್ಕೆ ಹಂಚಿರುತ್ತಾರೆ, ಆದ್ದರಿಂದ ಪಟ್ಟಿ ಮಾತ್ರ ಬರೆದವರೂ ಬರಿಗೈಲಿ ಬರುವುದಿಲ್ಲ. ಇದನ್ನು ಮಕ್ಕಳಿಗೆ ಬಾಯಿಬಿಟ್ಟು ಹೇಳಬೇಕು.

ಎರಡನೆಯದು ಸಂಖ್ಯಾಶಾಸ್ತ್ರ. ಮಧ್ಯಾಂಕದಲ್ಲಿ ಎಲ್ಲರೂ ಬೀಳುವ ಗುಂಡಿ ಒಂದೇ: ಸೂತ್ರದಲ್ಲಿ ಹಿಂದಿನ ವರ್ಗಾಂತರದ ಸಂಚಿತ ಆವೃತ್ತಿಯ (ಅಲ್ಲಿಯವರೆಗಿನ ಆವೃತ್ತಿಗಳನ್ನು ಕೂಡಿದ ಮೊತ್ತದ) ಬದಲು ಮಧ್ಯಾಂಕ ಬೀಳುವ ವರ್ಗಾಂತರದ್ದನ್ನೇ ತೆಗೆದುಕೊಳ್ಳುವುದು. 0–10ರಿಂದ 40–50ರವರೆಗೆ ಆವೃತ್ತಿ 4, 6, 10, 7, 3 ಇದ್ದರೆ ಒಟ್ಟು 30, ಅರ್ಧ 15, ವರ್ಗಾಂತರ 20–30. ಹಿಂದಿನ ಸಂಚಿತ ಆವೃತ್ತಿ 10 ಹಾಕಿದರೆ ಉತ್ತರ 25. ತಪ್ಪಾಗಿ 20 ಹಾಕಿದರೆ 15 ಬರುತ್ತದೆ, ಅದು 20–30ರ ಒಳಗೇ ಇಲ್ಲ. 'ಉತ್ತರ ಮನೆಯೊಳಗೆ ಇದೆಯಾ ನೋಡಪ್ಪ' ಅನ್ನುವ ಒಂದು ಪರೀಕ್ಷೆ ಕಲಿಸಿದರೆ ಸೂತ್ರ ಹತ್ತು ಸಲ ಬರೆಸುವುದಕ್ಕಿಂತ ಹೆಚ್ಚು ಉಪಯೋಗ. ಥೇಲ್ಸ್ ಪ್ರಮೇಯ, ಸ್ಪರ್ಶಕದ ಪ್ರಮೇಯಗಳಿಗೆ ಚಿತ್ರ, ದತ್ತ, ಸಾಧನೀಯ, ರಚನೆ ಇಷ್ಟನ್ನು ಮೊದಲು ಗಟ್ಟಿ ಮಾಡಿಸಿ, ಸಾಧನೆ ಆಮೇಲೆ.

ಇಷ್ಟಕ್ಕೆಲ್ಲ ಹೊತ್ತು ಸಿಗಬೇಕಾದರೆ ಕಾಗದಪತ್ರ ಮೊದಲೇ ಮುಗಿದಿರಬೇಕು. ಆಂತರಿಕ ಅಂಕವನ್ನು ನಾಲ್ಕನೇ ರೂಪಣಾತ್ಮಕ ಮೌಲ್ಯಮಾಪನ (ವರ್ಷದ ನಡುನಡುವೆ ಶಾಲೆಯಲ್ಲೇ ಮಾಡುವ ಮೌಲ್ಯಮಾಪನ) ಮುಗಿದ ವಾರದಲ್ಲೇ ಇಳಿಸುತ್ತೇನೆ. ಒಂದೊಂದಕ್ಕೆ 50ರಂತೆ ನಾಲ್ಕಕ್ಕೆ 200. ಗಣಿತ ಮತ್ತಿತರ ವಿಷಯಗಳಲ್ಲಿ ಅದು 20ಕ್ಕೆ ಇಳಿಯುತ್ತದೆ, ಅಂದರೆ ಹತ್ತರಿಂದ ಭಾಗ. ಪ್ರಥಮ ಭಾಷೆಯಲ್ಲಿ 25ಕ್ಕೆ, ಅಂದರೆ ಎಂಟರಿಂದ ಭಾಗ. ಕಂಪ್ಯೂಟರಿನಲ್ಲಿ ಒಂದೇ ಸೂತ್ರವನ್ನು ಆರೂ ವಿಷಯಕ್ಕೆ ಎಳೆದರೆ ಕನ್ನಡದಲ್ಲಿ ಮಕ್ಕಳಿಗೆ ಐದು ಅಂಕದವರೆಗೂ ನಷ್ಟ. ಭಿನ್ನರಾಶಿಯನ್ನು ಕೊನೆಯಲ್ಲಿ ಒಂದೇ ಸಲ ಸರಿಮಾಡಬೇಕು. 36, 37, 36, 37 ತೆಗೆದ ಮಗುವಿನ ಒಟ್ಟು 146, ಇಳಿಸಿದರೆ 14.6, ಅಂದರೆ 15. ಪ್ರತಿಯೊಂದನ್ನೂ ಬೇರೆ ಬೇರೆ ಇಳಿಸಿ 4, 4, 4, 4 ಮಾಡಿದರೆ 16. ಒಂದೇ ಶಾಲೆಯಲ್ಲಿ ಇಬ್ಬರು ಶಿಕ್ಷಕರು ಎರಡು ರೀತಿ ಮಾಡಿದರೆ ಮಕ್ಕಳು ಕೇಳುವ ಪ್ರಶ್ನೆಗೆ ಉತ್ತರವಿರುವುದಿಲ್ಲ. ಇಳಿಸಿದ ಪಟ್ಟಿಯನ್ನು ತರಗತಿಯಲ್ಲಿ ಓದಿ, ಮಕ್ಕಳ ಸಹಿ ಹಾಕಿಸಿ, ಆಮೇಲೆ ಹೆಡ್‌ಮಾಸ್ಟರ ಲಾಗಿನ್‌ನಲ್ಲಿ ಏರಿಸುವುದು ಒಳ್ಳೆಯದು.

ಹೆಸರಿನ ವಿಷಯದಲ್ಲಿ ಅವಸರ ಬೇಡವೇ ಬೇಡ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರು, ಹುಟ್ಟಿದ ದಿನ ಆ ಮಗುವಿನ ಜೊತೆ ಜೀವನಪೂರ್ತಿ ಹೋಗುತ್ತದೆ. ನಮ್ಮ ಕಡೆ ಇನಿಷಿಯಲ್ ಕೆಲವರಿಗೆ ಹಿಂದೆ, ಕೆಲವರಿಗೆ ಮುಂದೆ. ಆಧಾರ್‌ನಲ್ಲಿ 'ಗೌಡ' ಇರುತ್ತದೆ, ದಾಖಲಾತಿ ವಹಿಯಲ್ಲಿ ಇರುವುದಿಲ್ಲ. ಕರಡು ಪಟ್ಟಿ ಬಂದಾಗ ಕಂಪ್ಯೂಟರ್ ಪ್ರತಿಯನ್ನು ದಾಖಲಾತಿ ವಹಿಯ ಪಕ್ಕ ಇಟ್ಟು ಒಬ್ಬರು ಓದಿ ಇನ್ನೊಬ್ಬರು ನೋಡಬೇಕು. ಆಮೇಲೆ ಅಪ್ಪನೋ ಅಮ್ಮನೋ ಬಂದು ನೋಡಿ ಸಹಿ ಮಾಡಬೇಕು. ಗದ್ದೆ ಕೆಲಸ, ಆಲೆಮನೆ ಕೆಲಸ ಬಿಟ್ಟು ಹಗಲು ಬರಲಾಗದವರಿಗೆ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಹೋಗುವಾಗ ಬರಲು ಹೇಳಿದರೆ ಬರುತ್ತಾರೆ.

ಹತ್ತನೇ ತರಗತಿಯ ಪರೀಕ್ಷೆ ಶುರುವಾದರೆ ಶಿಕ್ಷಕರಿಗೆ ಬೇರೆ ಕೇಂದ್ರದಲ್ಲಿ ಕೊಠಡಿ ಮೇಲ್ವಿಚಾರಣೆ, ಅದಾದ ಮೇಲೆ ಮೌಲ್ಯಮಾಪನ ಕೇಂದ್ರ. ಎಂಟು, ಒಂಬತ್ತರ ಸಂಕಲನಾತ್ಮಕ, ಅಂದರೆ ವರ್ಷದ ಕೊನೆಯ, ಪರೀಕ್ಷೆಯ ಪತ್ರಿಕೆಗಳು ಆ ನಡುವೆ ಸಿಕ್ಕಿಕೊಂಡರೆ ಏಪ್ರಿಲ್ ಎರಡನೇ ವಾರದ ರಜೆಯೊಳಗೆ ಫಲಿತಾಂಶ ಕೊಡುವುದು ಕಷ್ಟ. ಪರೀಕ್ಷೆ ನಡೆದ ಸಂಜೆಯೇ ಆ ಕಟ್ಟು ಬಿಚ್ಚಬೇಕು. ಅಂಕವನ್ನು ಮೊದಲು ಅಂಕವಹಿಯಲ್ಲಿ ಕೈಯಲ್ಲಿ ಬರೆದು, ಅದನ್ನು ನೋಡಿ ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆಯ ಜಾಲತಾಣವಾದ ಸ್ಯಾಟ್ಸ್‌ಗೆ ತುಂಬುತ್ತೇನೆ. ಎಲ್ಲ ಶಾಲೆಗಳೂ ಒಟ್ಟಿಗೆ ತುಂಬುವ ದಿನಗಳಲ್ಲಿ ಸರ್ವರ್ ನಿಧಾನ, ಆಗ ಬೆಳಿಗ್ಗೆ ಏಳರೊಳಗೆ ಕೂತರೆ ಕೆಲಸ ಸಾಗುತ್ತದೆ.

ಒಂಬತ್ತರಿಂದ ಹತ್ತಕ್ಕೆ ಬರುವ ಮಕ್ಕಳಿಗೆ ರಜೆಗೆ ಕೊಡುವುದು ಒಂದೇ ಹಾಳೆ: ಇಪ್ಪತ್ತರವರೆಗೆ ಮಗ್ಗಿ, ಧನ ಋಣ ಸಂಖ್ಯೆಗಳ ಕೂಡುವ ಕಳೆಯುವ ಲೆಕ್ಕ, ಅಪವರ್ತಿಸುವ ಲೆಕ್ಕ. ದಿನಕ್ಕೆ ಐದು ಸಾಕು. ಶಾಲೆ ತೆರೆದ ಮೊದಲ ವಾರ ಅದೇ ಹಾಳೆಯ ಮೇಲೆ ಕಿರುಪರೀಕ್ಷೆ ಇರುತ್ತದೆ ಅಂತ ಕೊಡುವಾಗಲೇ ಹೇಳಿರುತ್ತೇನೆ.