ಗಲ್ಲಾದ ಮುಂದೆ ಕೂತು ಶಿಷ್ಯನಾಗೋದು: ನನ್ನ ಅನುಭವ

"ಭಾನುವಾರ ಬಾಗಲಾ ಹಾಕಿದ್ರ ಹೊಟ್ಟಿಗೆ ಏನ್ ತಿಂತಿಯಪಾ?" ಯೇಸುವಿನ ಶಿಷ್ಯನಾಗಿ ಭಾನುವಾರ ಅಂಗಡಿ ಮುಚ್ಚುತ್ತೇನೆ ಅಂದಾಗ ಹೀಗೆ ಮೊದಲು ಕೇಳಿದವರು ನನ್ನ ಹೆಂಡತಿಯ ಅಣ್ಣ. ಆಮೇಲೆ ನಮ್ಮ ಚರ್ಚ್ ಸಭೆಯ ಹಿರಿಯರೊಬ್ಬರು. ಅದಾಗಿ ನಾಲ್ಕು ವರ್ಷ ದಾಟಿದೆ. ಅಂಗಡಿ ನಡೆಯುತ್ತಿದೆ, ಬಾಡಿಗೆ ಬಾಕಿ ಇಲ್ಲ. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಗದಗ-ಬೆಟಗೇರಿಯಲ್ಲಿ ನನ್ನದು ಕಿರಾಣಿ ಅಂಗಡಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನ ಪಾದ್ರಿಗಳು 1841ರಲ್ಲೇ ಇಲ್ಲಿಗೆ ಬಂದವರು. "ನಾವು ಅವಾಗಿನ ಕ್ರೈಸ್ತರು" ಅನ್ನುವವರು ಸಭೆಯಲ್ಲಿ ಬೇಕಾದಷ್ಟು ಜನ. ಸೋಮವಾರ ತಕ್ಕಡಿಯ ಮುಂದೆ ಅದು ಕಾಣುತ್ತದಾ ಅನ್ನೋದು ಬೇರೆ ಮಾತು.

ನನಗೆ ದೊಡ್ಡ ಪೆಟ್ಟು ಕೊಟ್ಟದ್ದು ಭಾನುವಾರ. ನಮ್ಮ ಓಣಿಯ ನೇಕಾರರಿಗೆ ಶನಿವಾರ ಸಂಜೆ ಬಟವಡೆ, ಭಾನುವಾರ ಬೆಳಿಗ್ಗೆ ವಾರದ ಸಾಮಾನು. ಉಳಿದ ದಿನ ಐದಾರು ಸಾವಿರ ವ್ಯಾಪಾರವಾದರೆ ಅವತ್ತು ಒಂಬತ್ತರ ಹತ್ತಿರ. ಆರಾಧನೆ ಮುಗಿಯುವವರೆಗೆ ಮಾತ್ರ ಮುಚ್ಚಿ ನೋಡಿದೆ. ಪ್ರಸಂಗ ನಡೆಯುವಾಗಲೇ ಜೇಬಲ್ಲಿ ಫೋನು ಗುರ್ರ್ ಅನ್ನುತ್ತಿತ್ತು. ಅರ್ಧ ದಿನ ಮುಚ್ಚುವ ಅಂಗಡಿಯ ಹೊತ್ತು ಗಿರಾಕಿಗೆ ನೆನಪಿರಲ್ಲ, ಪೂರ್ತಿ ಮುಚ್ಚಿದರೆ ನೆನಪಿರುತ್ತದೆ. ಸರಿ, ಪೂರ್ತಿ ಮುಚ್ಚಿದೆ. ತಿಂಗಳಿಗೆ ಇಪ್ಪತ್ತೈದು ಸಾವಿರದಷ್ಟು ವ್ಯಾಪಾರ ಬಿತ್ತು. ಹೆಂಡತಿಯ ಬಳೆ ಒತ್ತೆಗೆ ಹೋದವು. ಶನಿವಾರ ರಾತ್ರಿ ಹನ್ನೊಂದರವರೆಗೆ ಕೂತೆ, ವಾಟ್ಸಾಪ್‌ನಲ್ಲಿ ಗಿರಾಕಿಗಳ ಸಾಮಾನಿನ ಚೀಟಿ ತರಿಸಿಕೊಂಡು ಕಟ್ಟಿಟ್ಟೆ. ಅರ್ಧ ವಾಪಸ್ ಬಂತು, ಅಷ್ಟೇ.

ಉಳಿದರ್ಧ ಬಂದ ದಾರಿ ವಿಚಿತ್ರ. ಬೈಬಲ್ಲನ್ನು ವರ್ಷಕ್ಕೊಮ್ಮೆ ಓದಿ ಮುಗಿಸುವ ಪಟ್ಟಿಗಳು ನನಗೆ ಯಾವತ್ತೂ ದಕ್ಕಿಲ್ಲ. ಆದಿಕಾಂಡ ಓಡುತ್ತದೆ. ವಿಮೋಚನಕಾಂಡದಲ್ಲಿ ಗುಡಾರದ ಅಳತೆ ಶುರುವಾದರೆ ಫೆಬ್ರವರಿಗೇ ಪಟ್ಟಿ ಮೂಲೆಗೆ. ನಿಮಗೂ ಹಾಗೇ ಅಲ್ವಾ? ಆಮೇಲೆ ಬೇಳೆ ಕಟ್ಟುತ್ತಾ ಆಡಿಯೋ ಬೈಬಲ್ ಕೇಳಿದೆ. ಗಿರಾಕಿ ಬಂದಾಗೆಲ್ಲ ನಿಲ್ಲಿಸಬೇಕು, ಎಲ್ಲಿದ್ದೆ ಅಂತ ತಿಳಿಯುತ್ತಿರಲಿಲ್ಲ. ಕೊನೆಗೆ ಹಿಡಿದದ್ದು ಇದು: ಶಟರ್ ಎತ್ತುವ ಮೊದಲು ಯೇಸುವಿನ ಕಥೆ ಹೇಳುವ ಸುವಾರ್ತೆಯ ಒಂದೇ ಭಾಗ, ಅದರಲ್ಲಿ ಇವತ್ತೇ ಮಾಡಬಹುದಾದ ಒಂದೇ ಕೆಲಸ. ಅದನ್ನು ಕಿರ್ದಿ ಪುಸ್ತಕದ ಮೇಲ್ತುದಿಗೆ ಕೆಂಪು ಪೆನ್ನಲ್ಲಿ ಬರೆಯುತ್ತೇನೆ. ರಾತ್ರಿ ಲೆಕ್ಕ ಬರೆಯುವಾಗ ಮಾಡಿದ್ದರೆ ಸರಿ ಗುರುತು, ಇಲ್ಲದಿದ್ದರೆ ಸೊನ್ನೆ. ಮೊದಲ ಪುಟಗಳೆಲ್ಲ ಸೊನ್ನೆಯೇ.

ಒಂದು ದಿನ ಮತ್ತಾಯ 5:23 ಬಂತು. ಕಾಣಿಕೆ ಬಿಟ್ಟು ಹೋಗಿ ಮೊದಲು ರಾಜಿಯಾಗು ಅನ್ನುವ ಮಾತು. ಪಕ್ಕದ ಅಂಗಡಿಯ ಭಾಯಿ ಜೊತೆ ಗಟಾರದ ವಿಷಯಕ್ಕೆ ಎರಡು ವರ್ಷದಿಂದ ಮಾತಿರಲಿಲ್ಲ. ಚಹಾ ತಗೊಂಡು ಹೋದೆ. ಗಟಾರ ಇನ್ನೂ ಹಾಗೇ ಇದೆ! ಆದರೆ ಶುಕ್ರವಾರ ಅವರು ನಮಾಜಿಗೆ ಹೋದಾಗ ಅವರ ಗಿರಾಕಿಯನ್ನು ನಾನು ನೋಡಿಕೊಳ್ಳುತ್ತೇನೆ. ಭಾನುವಾರ ನನ್ನ ಗಿರಾಕಿಗಳ ಚೀಟಿಗಳು ಅವರ ಹತ್ತಿರ. ಉಳಿದರ್ಧ ಬಂದದ್ದು ಹೀಗೆ. ನಮ್ಮ ನಡುವೆ ಲೆಕ್ಕ ಹೇಗೆ ಅನ್ನೋದು ನಮ್ಮಿಬ್ಬರಿಗೇ ಇರಲಿ. ಒಂದೂವರೆ ವರ್ಷದೊಳಗೆ ಬಳೆ ಬಿಡಿಸಿದೆ. ಹೆಂಡತಿಯ ಅಣ್ಣ ಈಗ ತಮ್ಮ ಗಿರಣಿಯನ್ನು ಭಾನುವಾರ ಮುಚ್ಚುತ್ತಾರೆ. ನಾನೇನೂ ಹೇಳಲಿಲ್ಲ, ಸುಮ್ನೆ ನಕ್ಕೆ.

ದಶಮಾಂಶದ, ಅಂದರೆ ಗಳಿಕೆಯಲ್ಲಿ ದೇವರಿಗೆ ಕೊಡುವ ಹತ್ತನೇ ಪಾಲಿನ ಬಗ್ಗೆ ಜನ ಜಾಸ್ತಿ ಕೇಳುತ್ತಾರೆ. ಉತ್ಸಾಹದಲ್ಲಿ ಒಟ್ಟು ವ್ಯಾಪಾರದ ಮೇಲೆ ಹತ್ತನೇ ಪಾಲು ತೆಗೆಯಬೇಡಿ. ಕಿರಾಣಿಯಲ್ಲಿ ನೂರಕ್ಕೆ ಎಂಟೋ ಹತ್ತೋ ಸಿಗುವುದು, ಸಕ್ಕರೆಯಲ್ಲಿ ಅದೂ ಇಲ್ಲ. ನಾನು ಎರಡು ತಿಂಗಳು ಹಾಗೆ ತೆಗೆದೆ, ಕಪಾಟು ಖಾಲಿಯಾಯಿತು. ತಿಂಗಳ ಕೊನೆಗೆ ತೆಗೆಯೋಣ ಅಂದರೆ ಗಲ್ಲಾದಲ್ಲಿ ಏನೂ ಉಳಿದಿರಲ್ಲ. ಈಗ ಬಾಡಿಗೆ, ಕರೆಂಟು ಕಳೆದು ದಿನಕ್ಕೆ ಮುನ್ನೂರೈವತ್ತು, ನಾಲ್ಕು ನೂರು ಉಳಿಯುತ್ತದೆ. ಮನೆಗೆ ಎಣಿಸುವ ಮುಂಚೆ ಐವತ್ತು ರೂಪಾಯಿ ಡಬ್ಬಿಗೆ ಬೀಳುತ್ತದೆ. ಅರ್ಧ ಸಭೆಯ ಕವರಿಗೆ. ಇನ್ನರ್ಧ ಎಲ್ಲಿಗೆ ಅಂತ ಎಡಗೈಗೆ ಹೇಳಬಾರದಲ್ಲ.

ಗುಟ್ಕಾ, ಬೀಡಿ ತೆಗೆದು ಆ ಜಾಗಕ್ಕೆ ಶೇಂಗಾ ಚಿಕ್ಕಿ ಇಟ್ಟೆ. ತಿಂಗಳಿಗೆ ಸಾವಿರದೈನೂರು ಹೋಯಿತು, ಚಿಕ್ಕಿಯಿಂದ ಐನೂರು ಬರುತ್ತದೆ. ಆ ನಷ್ಟ ಈಗಲೂ ನಷ್ಟವೇ. ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲವಾದ ಲೆಂಟ್‌ನಲ್ಲಿ ಒಮ್ಮೆ ಫೋನ್ ಉಪವಾಸ ಮಾಡಿದೆ. ಯುಪಿಐ ಇಲ್ಲದೆ ಅಂಗಡಿ ನಡೆಯಲಿಲ್ಲ, ಮೂರ್ನಾಲ್ಕು ದಿನಕ್ಕೆ ಬಿಟ್ಟೆ.

ಇನ್ನು ಉದ್ರಿ. ಬೈಬಲ್ಲಿನ ಧರ್ಮೋಪದೇಶಕಾಂಡ 15ರಲ್ಲಿ ಏಳು ವರ್ಷಕ್ಕೊಮ್ಮೆ ಸಾಲ ಬಿಡುವ ಮಾತಿದೆ. ಏಳು ವರ್ಷ ಯಾರು ಕಾಯುತ್ತಾರೆ ಅಂತ ಒಂದು ಕ್ರಿಸ್ಮಸ್‌ಗೆ ಇನ್ನೂರರೊಳಗಿನ ಉದ್ರಿ ಎಲ್ಲ ಹೊಡೆದು ಹಾಕಿದೆ. ಸುಮಾರು ನಾಲ್ಕು ಸಾವಿರ. ಮರುವರ್ಷ ಡಿಸೆಂಬರ್ ಬಂದ ಕೂಡಲೇ ಎಲ್ಲರ ಉದ್ರಿಯೂ ನೂರಾ ತೊಂಬತ್ತಕ್ಕೆ ಬಂದು ನಿಂತಿತ್ತು! ಈಗಲೂ ವರ್ಷಕ್ಕೆ ಒಂದಿಷ್ಟು ಬಿಡುತ್ತೇನೆ. ಯಾರದು, ಯಾವಾಗ ಅಂತ ಇಲ್ಲಿ ಬರೆಯಲ್ಲ, ಉದ್ರಿಯವರೂ ಇದನ್ನು ಓದುತ್ತಾರೆ.